ಬಿಸಿಯೂಟದ ಕಳ್ಳಿ

ಬಿಳಿಚೋಡು, ಜಗಳೂರು ತಾಲ್ಲೂಕು
೪ ಜುಲೈ ೨೦೨೨

ಬಾಳೆಗಿಡದ ಲ್ಯಾಬಿನ ಮ್ಯಾನೇಜರ್ ಸಾಹೇಬರಿಗೆ ಬಿಳಿಚೋಡಿನ ಕೊಲ್ಲಾಪುರಮ್ಮ ಮಾಡೋ ನಮಸ್ಕಾರ.

ನಾನು ಯಾರು ಅಂತ ನಿಮಗೆ ಗೊತ್ತಿಲ್ಲ. ನಮ್ಮೂರ ಶಾಲೆಯಾಗೆ ಹತ್ತೊಂಬತ್ತು ವರ್ಷದಿಂದ ಬಿಸಿಯೂಟ ಮಾಡ್ತೀನಿ. ಶಾಲೆ ಪಕ್ಕದ ಹೊಲದ ದುರುಗಣ್ಣ ಹೋದ ವರ್ಷ ನಿಮ್ಮಲ್ಲಿಂದ ಬಾಳೆಗಿಡ ತಂದಿದ್ದ. ಟ್ರೇ ಮೇಲಿನ ಚೀಟಿ ನೋಡಿ ವಿಳಾಸ ಬರ್ಕೊಂಡೆ. ಫೋನ್ ನಂಬರೂ ಇತ್ತು. ಆದ್ರೆ ನಾನು ಹತ್ತು ವರ್ಷದಾಕೆ ಇದ್ದಾಗ ಜ್ವರ ಬಂದು ಕಿವಿ ಹೋತು. ಎದುರಿಗಿದ್ರೆ ತುಟಿ ನೋಡಿ ತಿಳ್ಕೊಂತೀನಿ, ಫೋನಿಗೆ ತುಟಿ ಇಲ್ಲ ನೋಡ್ರಿ. ಏಳನೇ ಕ್ಲಾಸು ಓದೀನಿ, ಅಕ್ಷರ ದುಂಡಗೆ ಬರ್ತಾವೆ. ಅದಕ್ಕೇ ಕಾಗದ.

ವಿಷ್ಯ ಒಂದು ಕಳ್ಳಿದು. ಬೇಲಿ ಕಳ್ಳಿ ಅಲ್ಲ, ಡ್ರ್ಯಾಗನ್ ಹಣ್ಣಿನ ಕಳ್ಳಿ. ಆರು ವರ್ಷದ ಹಿಂದೆ ನಮ್ಮ ಹೆಡ್‌ಮೇಡಂ ಗಂಗೋತ್ರಿಯವರು ದಾವಣಗೆರೆಯಿಂದ ಒಂದು ಹಣ್ಣು ತಂದು ಮಕ್ಕಳಿಗೆ ಕೊಯ್ದು ಹಂಚಿದ್ರು. ಸಿಪ್ಪೆಗೆ ಅಂಟಿದ್ದ ಎಳ್ಳಿನಂಥಾ ಬೀಜಾನ ನಾನು ಎಣ್ಣೆ ಡಬ್ಬಿಗೆ ಮಣ್ಣು ತುಂಬಿ ಉದುರಿಸಿದೆ. ಹದಿನೈದು ಹುಟ್ಟಿ ಒಂದು ಉಳೀತು. ಅಡುಗೆಮನೆ ಹಿಂದಿನ ಕಲ್ಲುಕಂಬಕ್ಕೆ ಹಬ್ಬಿಸಿದೆ. ಅಕ್ಕಿ ತೊಳೆದ ನೀರೇ ಅದಕ್ಕೆ ಗೊಬ್ಬರ. ಬೇರೆ ತೋಟದ ಕಳ್ಳಿ ನಮ್ಮ ಜಗಳೂರು ಬಿಸಿಲಿಗೆ ಬೆಂದು ಹಳದಿ ಆಗ್ತಾವೆ, ಇದು ಆಗಲಿಲ್ಲ. ಬೇರೆಯವಕ್ಕೆ ಹೂವಿಗೆ ಹೂವು ಉಜ್ಜಿದ್ರೇನೇ ಕಾಯಿ ಅಂತಾರೆ. ಇದು ತಾನೇ ಕಾಯಿ ಕಚ್ಚುತ್ತೆ. ಒಳಗೆ ಬೀಟ್‌ರೂಟಿನ ಬಣ್ಣ, ಬೆಲ್ಲದಷ್ಟು ಸಿಹಿ. ಹೋದ ವರ್ಷ ಐವತ್ತಾರು ಹಣ್ಣು ಮಕ್ಕಳ ತಟ್ಟೆಗೆ ಬಿದ್ದಾವೆ.

ಕೇಳಿದವರಿಗೆಲ್ಲಾ ತುಂಡು ಕೊಯ್ದು ಕೊಟ್ಟೆ, ಹನ್ನೊಂದು ಮನೆಗೆ. ಎರಡನೇ ಮಳೆಗಾಲಕ್ಕೆ ಹನ್ನೊಂದೂ ಕಡೆ ಕಂದು ಚುಕ್ಕೆ ಬಿದ್ದು ಕೊಳೆತು ನೀರಾದ್ವು. ಈಗ ತಾಯಿಗಿಡಕ್ಕೂ ಚುಕ್ಕೆ ಬಂದೈತೆ. ಗಿಡದ ರೋಗ ತಿಳಿದವರೊಬ್ರು ನೋಡಿ, "ರೋಗ ಒಳಗೇ ಐತೆ ಕಣಮ್ಮ, ತುಂಡು ನೆಟ್ಟಲ್ಲೆಲ್ಲಾ ರೋಗಾನೂ ನೆಟ್ಟಂಗೆ" ಅಂದ್ರು. ನನ್ನ ಕೈಯಾರೆ ಹನ್ನೊಂದು ಮನೆಗೆ ರೋಗ ಹಂಚಿದ್ದಾತು.

ನಿಮ್ಮ ಚೀಟಿ ಮೇಲೆ 'ರೋಗರಹಿತ ಸಸಿ' ಅಂತ ಐತೆ. ರೋಗದ ತಾಯಿಗೆ ರೋಗ ಇಲ್ಲದ ಮಗು ಹುಟ್ಟಿಸಾಕೆ ನಿಮಗೆ ಬರ್ತೈತಾ? ಆಗಲ್ಲ ಅಂದ್ರೂ ಒಂದು ಸಾಲು ಬರೀರಿ.

ಕೊಲ್ಲಾಪುರಮ್ಮ


ಚನ್ನಗಿರಿ
೧೯ ಜುಲೈ ೨೦೨೨

ಶ್ರೀಮತಿ ಕೊಲ್ಲಾಪುರಮ್ಮನವರಿಗೆ,

ತಮ್ಮ ಪತ್ರ ತಲುಪಿದೆ. ತಮ್ಮ ಪ್ರಶ್ನೆಗೆ ಉತ್ತರ: ಸಾಧ್ಯವಿದೆ.

ಅಂಗಾಂಶ ಕೃಷಿಯಲ್ಲಿ ಗಿಡದ ಕುಡಿಯಿಂದ ಒಂದು ಸಣ್ಣ ಚೂರನ್ನು ಕತ್ತರಿಸಿ, ಔಷಧಿಯಲ್ಲಿ ತೊಳೆದು, ಗಾಜಿನ ಬಾಟಲಿಯೊಳಗಿನ ಜೆಲ್ಲಿಯಂಥ ಆಹಾರದ ಮೇಲೆ ಇಡಲಾಗುತ್ತದೆ. ಬಾಟಲಿಯಲ್ಲಿ ಸೂಕ್ಷ್ಮಜೀವಿಗಳಿರಬಾರದು. ಆದ್ದರಿಂದ ಆಹಾರವನ್ನು ಬಾಟಲಿ ಸಮೇತ ದೊಡ್ಡ ಕುಕ್ಕರಿನಲ್ಲಿ ಬೇಯಿಸಲಾಗುತ್ತದೆ. ಚೂರು ಚಿಗುರಿದರೆ ಅದನ್ನು ಮತ್ತೆ ವಿಭಜಿಸಿ, ಒಂದರಿಂದ ನೂರಾರು ಸಸಿಗಳನ್ನು ಪಡೆಯಬಹುದು.

ದಯವಿಟ್ಟು ಬೆರಳುದ್ದದ ಆರು ಎಳೆ ಕುಡಿಗಳನ್ನು, ಚುಕ್ಕೆ ಇಲ್ಲದವನ್ನು ಆರಿಸಿ, ಒಣ ಪತ್ರಿಕೆಯಲ್ಲಿ ಸುತ್ತಿ ಕಳುಹಿಸಿ. ಶುಲ್ಕವಿಲ್ಲ, ಇದು ಪ್ರಾಯೋಗಿಕ. ಪಾರ್ಸೆಲ್ ಮೇಲೆ ಮ್ಯಾನೇಜರ್ ಎಂದು ಬರೆಯಬೇಡಿ. ಕೆಳಗಿನ ನನ್ನ ಹೆಸರನ್ನೇ ಬರೆಯಿರಿ, ಇಲ್ಲವಾದರೆ ತಡವಾಗುವ ಸಂಭವವಿದೆ.

ಲ್ಯಾಬಿನ ಪರವಾಗಿ,
ಯಶೋಧರಾ ಜೆ.


ಬಿಳಿಚೋಡು
೨ ಆಗಸ್ಟ್ ೨೦೨೨

ಯಶೋಧರಾ ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ಕಾಗದಾನ ಮೂರು ಸಲ ಓದಿದೆ. ನಮ್ಮ ಯಜಮಾನ್ರು ಯರ್ರಿಸ್ವಾಮಿಗೂ ಓದಿ ಹೇಳಿದೆ. ಅವರು ಕುರಿ ಕಾಯೋರು. "ಕಳ್ಳಿಗೂ ಹೆರಿಗೆ ಆಸ್ಪತ್ರೆ ಬಂತಾ" ಅಂತ ನಕ್ರು. ನಗಲಿ ಬಿಡ್ರಿ.

ಆರು ಕುಡಿ ಟಿಫನ್ ಡಬ್ಬಿಯಾಗೆ ಇಟ್ಟೀನಿ. ಕುಕ್ಕರಿನಾಗೆ ಬೇಯಿಸ್ತೀವಿ ಅಂತ ಬರ್ದೀರಲ್ಲ, ಅದನ್ನ ಓದಿ ನನಗೆ ಭಾಳ ಧೈರ್ಯ ಬಂತು. ಕುಕ್ಕರ್ ವಿಷ್ಯ ನನಗೆ ಗೊತ್ತು. ದಿನಾ ಇನ್ನೂರ ನಲವತ್ತು ಮಕ್ಕಳಿಗೆ ಬೇಯಿಸ್ತೀನಿ.

ಒಂದು ಮಾತು ನಿಮಗೆ ಹೇಳಬೇಕು ಮೇಡಂ. ದುರುಗಣ್ಣ ಕೊಳೆತ ಗಿಡ ಕಿತ್ತು ನಮ್ಮ ಅಡುಗೆಮನೆ ಗೋಡೆ ಈಚೆಗೆ ಬಿಸಾಕಿದ. "ಈಕಿ ಕೈಗುಣಾನೇ ಸರಿ ಇಲ್ಲ" ಅಂತ ಬಸ್ ನಿಲ್ದಾಣದಾಗೆ ಹೇಳ್ಕೊಂಡು ತಿರುಗ್ಯಾನೆ. ಹೋದ ವಾರದಿಂದ ಮೂರು ಮಕ್ಕಳು ಮನೆಯಿಂದ ಬುತ್ತಿ ತರ್ತಾ ಇದಾವೆ. ಅಡುಗೆ ಮಾಡೋಳಿಗೆ ಕೈಗುಣ ಸರಿ ಇಲ್ಲ ಅಂದ್ರೆ ಇನ್ನೇನು ಉಳೀತು ಹೇಳ್ರಿ. ಸಾರು ಉಪ್ಪಾದ್ರೆ ನೀರು ಹಾಕಬಹುದು, ಇದಕ್ಕೇನು ಹಾಕಲಿ?

ಕೊಲ್ಲಾಪುರಮ್ಮ


ಚನ್ನಗಿರಿ
೧೦ ಸೆಪ್ಟೆಂಬರ್ ೨೦೨೨

ಶ್ರೀಮತಿ ಕೊಲ್ಲಾಪುರಮ್ಮನವರಿಗೆ,

ಕುಡಿಗಳು ಸುರಕ್ಷಿತವಾಗಿ ತಲುಪಿದವು. ಒಟ್ಟು ಇಪ್ಪತ್ತೆರಡು ಬಾಟಲಿಗಳಲ್ಲಿ ಇರಿಸಲಾಗಿದೆ. ಪ್ರಗತಿ ತೃಪ್ತಿಕರ. ಪ್ರಯೋಗದ ಮುಂದಿನ ಹಂತಕ್ಕಾಗಿ ಇನ್ನೂ ಆರು ಕುಡಿಗಳು ಬೇಕಾಗಿವೆ. ಆದಷ್ಟು ಬೇಗ ಕಳುಹಿಸಿದರೆ ಅನುಕೂಲ.

ತಮ್ಮ ಕೈಗುಣದ ಬಗ್ಗೆ ಯಾರು ಏನೇ ಹೇಳಲಿ, ಗಿಡದ ರೋಗ ಒಂದು ಶಿಲೀಂಧ್ರದಿಂದ ಬರುತ್ತದೆ, ಕೈಯಿಂದಲ್ಲ ಎಂದು ತಿಳಿಸಬಯಸುತ್ತೇನೆ.

ಯಶೋಧರಾ ಜೆ.


ಬಿಳಿಚೋಡು
೨೮ ಸೆಪ್ಟೆಂಬರ್ ೨೦೨೨

ಮೇಡಂ,

ಇನ್ನೂ ಆರು ಬೇಕು ಅಂತ ಓದಿದ ಕೂಡ್ಲೇ ನನಗೆ ತಿಳೀತು, ಕೆಲಸ ಜೋರಾಗಿ ನಡೀತೈತೆ ಅಂತ. ಹಿಟ್ಟು ಉಬ್ಬಿದ್ರೆ ಅಲ್ವಾ ದೊಡ್ಡ ಪಾತ್ರೆ ಕೇಳೋದು? ಈ ಸಲ ಡಬ್ಬಿ ಜೊತೆ ಸ್ವಲ್ಪ ಶೇಂಗಾ ಚಟ್ನಿಪುಡಿ ಇಟ್ಟೀನಿ. ಲ್ಯಾಬಿನೋರೆಲ್ಲಾ ತಿನ್ರಿ.

ಗಂಗೋತ್ರಿ ಮೇಡಂ ಶಾಲೆಯ ಸಭೆಯಾಗೆ ಎಲ್ಲರ ಮುಂದೆ ಹೇಳಿದ್ರು: ಸಂಕ್ರಾಂತಿ ಹೊತ್ತಿಗೆ ಚನ್ನಗಿರಿಯಿಂದ ರೋಗ ಇಲ್ಲದ ಕಳ್ಳಿ ಬರ್ತಾವೆ, ಹನ್ನೊಂದು ಮನೆಗೂ ಕೊಲ್ಲಾಪುರಮ್ಮ ಹೊಸ ಗಿಡ ಕೊಡ್ತಾರೆ ಅಂತ. ನಾನೇ ಹೇಳಿಸಿದ್ದು.

ತಾಯಿಗಿಡದ ಮೇಲೆ ಚುಕ್ಕೆ ಜಾಸ್ತಿ ಆಗ್ಯಾವೆ. ಈ ಆರು ಕುಡಿ ಹುಡುಕಾಕೆ ಒಂದು ಬೆಳಿಗ್ಗೆ ಪೂರ್ತಿ ಹಿಡೀತು. ಇರಲಿ, ನಿಮ್ಮ ಹತ್ರ ಬಾಟಲಿ ಅದಾವಲ್ಲ.

ಕೊಲ್ಲಾಪುರಮ್ಮ


ಚನ್ನಗಿರಿ
೧೪ ನವೆಂಬರ್ ೨೦೨೨

ಶ್ರೀಮತಿ ಕೊಲ್ಲಾಪುರಮ್ಮನವರಿಗೆ,

ಇನ್ನೊಮ್ಮೆ ಕುಡಿಗಳು ಬೇಕಾಗಿವೆ. ನಾಲ್ಕಾದರೂ ಸಾಕು, ಎರಡಾದರೂ ಸರಿ. ತುರ್ತು.

ಯಶೋಧರಾ ಜೆ.


ಬಿಳಿಚೋಡು
೩ ಡಿಸೆಂಬರ್ ೨೦೨೨

ಮೇಡಂ,

ಈಗ ಕಳಿಸಾಕೆ ಆಗಲ್ಲ. ನಮ್ಮ ಯಜಮಾನ್ರ ಕುರಿಗಳಿಗೆ ಕಾಲುಬೇನೆ. ಶಾಲೆಯಾಗೆ ಕೆಲಸ ಜಾಸ್ತಿ. ಕುಡಿ ಈಗ ಸಣ್ಣವು. ಇದ್ದುದರಾಗೇ ಮಾಡ್ಕೊಳ್ರಿ.

ಕೊಲ್ಲಾಪುರಮ್ಮ


ಚನ್ನಗಿರಿ
೨೦ ಡಿಸೆಂಬರ್ ೨೦೨೨

ಶ್ರೀಮತಿ ಕೊಲ್ಲಾಪುರಮ್ಮನವರಿಗೆ,

ಒಂದು ಕುಡಿ ಕಳುಹಿಸಲು ಕುರಿಗಳ ಕಾಲುಬೇನೆ ಹೇಗೆ ಅಡ್ಡಿಯಾಗುತ್ತದೆ ಎಂಬುದು ನನಗೆ ತಿಳಿಯಲಿಲ್ಲ. ತಾವು ಬೇರೆ ಯಾವುದಾದರೂ ದೊಡ್ಡ ನರ್ಸರಿಗೆ ಗಿಡ ಕೊಡಲು ಒಪ್ಪಿದ್ದರೆ ನೇರವಾಗಿ ತಿಳಿಸಿ. ನಮ್ಮ ಮೇಲೆ ನಂಬಿಕೆ ಹೋಗಿದ್ದರೆ ಅದನ್ನೂ ತಿಳಿಸಿ. ತಮ್ಮ ಗಿಡ, ತಮ್ಮ ಇಷ್ಟ.

ಯಶೋಧರಾ ಜೆ.


ಚನ್ನಗಿರಿ
೨೨ ಜನವರಿ ೨೦೨೩

ಕೊಲ್ಲಾಪುರಮ್ಮನವರೇ,

ತಿಂಗಳಾತು, ನೀವು ಬರೀಲಿಲ್ಲ. ಸಂಕ್ರಾಂತಿ ಹೋತು. ಹನ್ನೊಂದು ಮನೆಯೋರು ನಿಮ್ಮನ್ನ ಏನು ಕೇಳಿರಬಹುದು ಅಂತ ನೆನೆಸ್ಕೊಂಡು ಬರೀತಾ ಇದೀನಿ. ಹಿಂದಿನ ಕಾಗದಗಳ ಭಾಷೆ ನನ್ನದಲ್ಲ. ಲ್ಯಾಬಿನ ಹಳೇ ಫೈಲ್ ನೋಡಿ ಹಂಗೆ ಬರೆಯೋದು ಕಲಿತಿದ್ದೆ.

ನಾನು ಮೇಡಂ ಅಲ್ಲ. ಇಲ್ಲಿ ಬಾಟಲಿ ತೊಳೆಯೋಳು.

ನಮ್ಮೂರು ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿ. ಅಪ್ಪ ಜಯಪ್ಪ ಕೂಲಿ ಮಾಡ್ತಾರೆ. ಪಿಯುಸಿ ಸೈನ್ಸ್ ಮುಗಿಸಿ ಮುಂದೆ ಓದಾಕೆ ಆಗಲಿಲ್ಲ, ಮೂರು ವರ್ಷದಿಂದ ದಿನಾ ಬಸ್ಸಿನಾಗೆ ಬಂದು ಇಲ್ಲಿ ಬಾಟಲಿ ತೊಳೀತೀನಿ. ನಿಮ್ಮ ಮೊದಲ ಕಾಗದ ನಮ್ಮ ಓನರ್ ವಿರೂಪಾಕ್ಷಪ್ಪನವರು ಓದಿ, "ಕಳ್ಳಿಗೆ ಯಾಕಪ್ಪಾ ಲ್ಯಾಬು, ಮುರಿದು ನೆಟ್ರೆ ಬರ್ತೈತೆ" ಅಂತ ಬುಟ್ಟಿಗೆ ಹಾಕಿದ್ರು. ಬುಟ್ಟಿ ಖಾಲಿ ಮಾಡೋದೂ ನನ್ನ ಕೆಲಸ. ದುಂಡು ಅಕ್ಷರ ನೋಡಿ ಓದಿದೆ. ರೋಗದ ತಾಯಿಗೆ ರೋಗ ಇಲ್ಲದ ಮಗು ಅಂತ ಬರೆದಿದ್ರಲ್ಲ, ಅದನ್ನ ಓದಿ ಕಾಗದ ಬಿಸಾಕಾಕೆ ಕೈ ಬರಲಿಲ್ಲ.

ಒಳಗೆ ಕೆಲಸ ಮಾಡೋ ಮಾಲಾ ಅಕ್ಕ ಊಟದ ಹೊತ್ತಿನಾಗೆ ನನಗೆ ಬ್ಲೇಡು ಹಿಡಿಯೋದು ಕಲಿಸಿದ್ರು. ನಿಮ್ಮ ಮೊದಲ ಆರು ಕುಡಿ ಇಪ್ಪತ್ತೆರಡು ಬಾಟಲಿ ಆದ್ವು. ಒಂಬತ್ತು ದಿನದಾಗೆ ಇಪ್ಪತ್ತೆರಡಕ್ಕೂ ಹತ್ತಿಯಂಥಾ ಬೂಷ್ಟು ಬಂತು. 'ಪ್ರಗತಿ ತೃಪ್ತಿಕರ' ಅಂತ ಬರೆದ ದಿನ ನಾನು ಅವನ್ನೇ ತೊಳೀತಿದ್ದೆ. ಎರಡನೇ ಸಲದ ಐದು ಕುಡಿಯಿಂದ ಇಪ್ಪತ್ತನಾಲ್ಕು ಬಾಟಲಿ. ಅವು ಬುಡದಾಗೆ ಹಾಲಿನಂಗೆ ಕೀವು ಬಿಟ್ಟು ಹೋದ್ವು. ಅಷ್ಟೊತ್ತಿಗೆ ಮಾಲಾ ಅಕ್ಕ ಬಾಣಂತನಕ್ಕೆ ರಜೆ ಹೋದ್ರು.

ಆದ್ರೆ ಕೆಟ್ಟ ಬಾಟಲಿ ತೊಳೆಯೋಳು ನಾನೇ ಆಗಿದ್ದಕ್ಕೆ ಒಂದು ಕಂಡೆ. ಪ್ರತಿಯೊಂದರಾಗೂ ಕೊಳೆ ಬುಡದಿಂದಾನೇ ಏಳ್ತಿತ್ತು. ತುತ್ತತುದಿ ಕೊನೇವರೆಗೂ ಹಸಿರು. ರೋಗ ಮೇಲಕ್ಕೆ ಹತ್ತೋಕಿಂತ ತುದಿ ಬೆಳೆಯೋದು ಜೋರು ಇರಬೇಕು ಅನ್ನಿಸ್ತು. ಎರಡನೇ ಡಬ್ಬಿದು ಒಂದು ಕುಡಿ ಪೇಪರ್ ಸುತ್ತಿ ಇಟ್ಟಿದ್ದೆ. ಕಳ್ಳಿ ಅಲ್ವಾ, ಒಂದೂವರೆ ತಿಂಗಳಾದ್ರೂ ಹಸಿರಾಗೇ ಇತ್ತು. ನವೆಂಬರ್ ಹನ್ನೆರಡಕ್ಕೆ ಭೂತಗನ್ನಡಿ ಕೆಳಗೆ ಅದರ ತುದಿ ಮಾತ್ರ ಕತ್ತರಿಸಿದೆ, ಸಾಸಿವೆ ಅರ್ಧದಷ್ಟು. ನಲವತ್ತೇಳನೇ ಬಾಟಲಿ. ಅದಾದ ಎರಡು ದಿನಕ್ಕೆ ತುರ್ತು ಅಂತ ಬರೆದಿದ್ದು, ಇನ್ನೊಂದಿಷ್ಟು ತುದಿ ಸಿಕ್ಕಿದ್ರೆ ಸಾಕು ಅಂತ.

ಇವತ್ತಿಗೆ ಹತ್ತು ವಾರ. ಅದು ಕೆಟ್ಟಿಲ್ಲ. ಈಗ ಅಕ್ಕಿ ಕಾಳಿನಷ್ಟು ಐತೆ, ಹಸಿರಾಗೈತೆ. ಆದ್ರೆ ಒಂದೇ ಒಂದು. ಬೈಯೋದಿದ್ರೆ ಬೈರಿ. ಒಂದು ಕುಡಿ ಮಾತ್ರ ಕಳಿಸ್ರಿ.

ಯಶೋಧರಾ


ಬಿಳಿಚೋಡು
೧ ಫೆಬ್ರವರಿ ೨೦೨೩

ಯಶೋಧರಾ,

ನಿನ್ನ ಕಾಗದ ಓದಿ ಎರಡು ದಿನ ಪಾತ್ರೆ ಕುಕ್ಕಿ ಕುಕ್ಕಿ ಇಟ್ಟೆ. ಸಿಟ್ಟು ಬಂದಿತ್ತು. ನಿನ್ನ ಮೇಲೆ ಅರ್ಧ, ನನ್ನ ಮೇಲೆ ಅರ್ಧ.

ಕುಡಿ ಕಳಿಸಾಕೆ ಆಗಲ್ಲ ಮಗಳೇ. ಗಿಡ ಇಲ್ಲ. ನವೆಂಬರ್ ಒಂಬತ್ತಕ್ಕೆ ನಾನೇ ಕಡಿದು ಸುಟ್ಟೆ.

ದೀಪಾವಳಿ ಆದಮೇಲೆ ಚುಕ್ಕೆ ಎಲ್ಲಾ ಒಡೆದು ಕರೀ ಪುಡಿ ಉದುರಾಕೆ ಹತ್ತಿತ್ತು. ದುರುಗಣ್ಣ ತನ್ನ ಹೊಲಕ್ಕೆ ಇನ್ನೂರು ಡ್ರ್ಯಾಗನ್ ಗಿಡ ತಂದು ನೆಡ್ತೀನಿ ಅಂತಿದ್ದ. ಈ ಪುಡಿ ಗಾಳಿಗೆ ಹಾರಿದ್ರೆ ಅವನವೂ ಹೋಗ್ತಾವೆ. ಅವನು ನನಗೆ ಏನೇ ಅಂದಿರಲಿ, ಗೊತ್ತಿದ್ದೂ ಇನ್ನೊಂದು ಸಲ ಅವನ ಹೊಲಕ್ಕೆ ರೋಗ ಕಳಿಸಾಕೆ ನನ್ನ ಮನಸ್ಸು ಒಪ್ಪಲಿಲ್ಲ. ಯರ್ರಿಸ್ವಾಮಿ ಅವತ್ತು ಕುರಿ ಬೇರೆಯವರಿಗೆ ಬಿಟ್ಟು ಬಂದ್ರು. ಕೊಡಲಿ ಕೇಳಿದ್ರು, ನಾನು ಕೊಡಲಿಲ್ಲ. ನಾನೇ ಕಡಿದೆ. ಕಡಿದದ್ದನ್ನ ಅವರು ಎತ್ತಿ ಗುಡ್ಡೆ ಹಾಕಿದ್ರು. ಹಸಿ ಕಳ್ಳಿ ಬೇಗ ಉರಿಯಲ್ಲ, ಸಾಯಂಕಾಲದ ತನಕ ಹೊಗೆ ಆಡ್ತಿತ್ತು.

ನಿನಗೆ ಹೇಳಲಿಲ್ಲ. ಯಾಕಂದ್ರೆ, ಈ ಮುದುಕಿದು ಇನ್ನೇನೂ ಉಳಿದಿಲ್ಲ, ಎಲ್ಲಾ ನನ್ನ ಮೇಲೇ ಬಿತ್ತು ಅಂತ ನಿನ್ನ ಕೈ ನಡುಗಬಾರದು ಅನ್ಕೊಂಡೆ. ನಿನ್ನ ಹತ್ರ ನಲವತ್ತು ಐವತ್ತು ಬಾಟಲಿ ಅದಾವೆ ಅನ್ನೋ ಧೈರ್ಯದ ಮೇಲೆ ನಾನು ಸುಟ್ಟಿದ್ದು. ಇಲ್ಲಿ ನೋಡಿದ್ರೆ ನೀನು ಇಲ್ಲಿ ಗಿಡ ಐತೆ ಅನ್ನೋ ಧೈರ್ಯದ ಮೇಲೆ ಬಾಟಲಿ ತೊಳೀತಿದ್ದೆ. ಇಬ್ರೂ ಒಳ್ಳೇದಕ್ಕೇ ಸುಳ್ಳು ಬರೆದು ಇಬ್ರೂ ಬರಿಗೈ ಆದ್ವಿ.

ಇನ್ನು ಹಂಗೆ ಬ್ಯಾಡ. ಕೆಟ್ರೆ ಕೆಟ್ಟಿತು ಅಂತಾನೇ ಬರಿ. ಆ ಒಂದು ಕಾಳು ಸತ್ರೆ ನೀನು ಕೊಂದೆ ಅಂತ ನಾನು ಅನ್ನಂಗಿಲ್ಲ. ಬಾಟಲಿ ತೊಳೆಯೋಳು ಅಂತ ತಲೆ ತಗ್ಗಿಸಿ ಬರ್ದೀಯಲ್ಲ, ಅದಕ್ಕೆ ಮಾತ್ರ ಬೈತೀನಿ. ಪಾತ್ರೆ ತೊಳೆಯೋಳಿಗೆ ಗೊತ್ತಿರೋದು ಬಡಿಸೋರಿಗೆ ಗೊತ್ತಿರಲ್ಲ.

ಸಭೆಯಾಗೆ ನಾನೇ ಎದ್ದು ನಿಂತು ಹೇಳಿದೆ, ಸಂಕ್ರಾಂತಿಗೆ ಗಿಡ ಬರಲಿಲ್ಲ, ಇರೋದು ಒಂದು ಕಾಳು, ಕಾಯ್ರಿ ಅಂತ. ಈಗ ಊರಾಗೆ ನನ್ನ ಹೆಸರು 'ಬಾಟಲಿ ಅಜ್ಜಿ'.

ಕೊಲ್ಲಾಪುರಮ್ಮ


ಚನ್ನಗಿರಿ
೧೮ ಏಪ್ರಿಲ್ ೨೦೨೩

ಅಮ್ಮಾ,

ನಿಜಾನೇ ಬರೀತೀನಿ. ಮೊದಲು ಒಳ್ಳೇದು. ಕಾಳು ಒಡೆದು ಐದು ಕಣ್ಣು ಬಿಡ್ತು. ಐದನ್ನೂ ಬೇರೆ ಬೇರೆ ಬಾಟಲಿಗೆ ಇಟ್ಟೆ. ಆ ದಿನ ಉಸಿರು ಬಿಟ್ರೆ ಎಲ್ಲಿ ಕೆಡ್ತಾವೋ ಅಂತ ಹೆದರಿ ಕೆಲಸ ಮಾಡಿದೆ. ಐದೂ ಹಸಿರಾಗಿ ಅದಾವೆ.

ಎರಡನೇದು, ನಿನ್ನೆ ವಿರೂಪಾಕ್ಷಪ್ಪನವರ ಕಣ್ಣಿಗೆ ಬಿತ್ತು. ಬಾಳೆ ಬಾಟಲಿಗಳ ಹಿಂದೆ ಮೂಲೆಯಾಗೆ ಇಟ್ಟಿದ್ದೆ.

"ಯಾರಮ್ಮ ಇಲ್ಲಿ ಕಳ್ಳಿ ಇಟ್ಟೋರು?"

"ನಾನು ಸಾರ್."

"ಬಾಟಲಿ ತೊಳೆಯೋ ಹುಡುಗಿ ಕೈಗೆ ಬ್ಲೇಡು ಯಾರು ಕೊಟ್ರು?"

"ಮಾಲಾ ಅಕ್ಕ ಕಲಿಸಿದ್ರು ಸಾರ್. ತಪ್ಪು ಅವರದಲ್ಲ, ಕಲಿತಿದ್ದು ನಾನು."

ಅವರು ಒಂದೊಂದೇ ಬಾಟಲಿ ಎತ್ತಿ ಬೆಳಕಿಗೆ ಹಿಡಿದ್ರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ್ರು.

"ಎಷ್ಟರಿಂದ ಎಷ್ಟಾತು?"

"ಒಂದರಿಂದ ಐದು."

"ಕೆಟ್ಟಿದ್ದು?"

"ಮೊದಲು ನಲವತ್ತಾರು ಕೆಟ್ವು ಸಾರ್. ತುದಿ ಮಾತ್ರ ತಗೊಂಡಮೇಲೆ ಒಂದೂ ಇಲ್ಲ."

ನಾನು ಪುಸ್ತಕದಾಗೆ ಬರೆದಿಟ್ಟಿದ್ದೆಲ್ಲಾ ಕೇಳಿ ಇಸ್ಕೊಂಡು, ನಿಂತಲ್ಲೇ ಓದಿದ್ರು. ಆಮೇಲೆ ಪುಸ್ತಕ ಮುಚ್ಚಿ, "ನಾಳೆಯಿಂದ ಬಾಟಲಿ ತೊಳೆಯಾಕೆ ಬೇರೆಯವರು ಬರ್ತಾರೆ" ಅಂದು ಹೋಗಿಬಿಟ್ರು.

ನಾನು ಅಳ್ತಾ ಬಸ್ ಹತ್ತಿದೆ. ಇವತ್ತು ಬೆಳಿಗ್ಗೆ ನನ್ನ ಟಿಫನ್ ಡಬ್ಬಿ, ಛತ್ರಿ ತಗೊಂಡು ಹೋಗಾಕೆ ಬಂದೆ. ಬಾಗಿಲ ಹತ್ರ ಅವರೇ ನಿಂತಿದ್ರು. "ಛತ್ರಿ ಹಿಡ್ಕೊಂಡು ಎಲ್ಲಿಗೆ ಹೊರಟೆ? ಒಳಗಿನ ಚಪ್ಪಲಿ, ಕೋಟು ತೆಗೆದಿಡಿಸೀನಿ, ಹಾಕ್ಕೋ. ಕಳ್ಳಿಗೆ ಒಂದು ರ‍್ಯಾಕ್ ಬೇಕಾಗ್ತೈತೆ, ಯಾವುದು ಅಂತ ನೋಡಿ ಹೇಳು" ಅಂದ್ರು.

ಅಮ್ಮಾ, ಬಾಟಲಿ ಸಸಿ ಬೆಳೆಸೋ ಕಲ್ಚರ್ ರೂಮಿನ ಒಳಗೆ ನಿಂತೇ ಇದನ್ನ ಬರೀತಾ ಇದೀನಿ. ಬಿಳೀ ದೀಪ, ತಣ್ಣಗೆ ಐತೆ. ಕೋಟು ದೊಡ್ಡದು, ತೋಳು ಮಡಚೀನಿ.

ಯಶೋಧರಾ


ಬಿಳಿಚೋಡು
೫ ಜೂನ್ ೨೦೨೩

ಮಗಳೇ,

ಕಾಗದ ಓದಿ ಯರ್ರಿಸ್ವಾಮಿಗೆ ಹೇಳಿದೆ. "ಆ ಹುಡುಗಿ ಕೋಟಿನ ತೋಳು ಹೊಲಿಸ್ಕೊಳ್ಳಲಿ, ಮಡಚಿದ್ರೆ ಕೆಲಸಕ್ಕೆ ಅಡ್ಡ" ಅಂದ್ರು. ಅವರು ನಕ್ಕಿಲ್ಲ ಈ ಸಲ.

ಬುತ್ತಿ ತರೋ ಮಕ್ಕಳು ಈಗ ಒಂಬತ್ತು. ನಿಜಾನೇ ಬರೀಬೇಕಲ್ಲ, ಅದಕ್ಕೆ ಬರ್ದೆ. ಆದ್ರೆ ಉಳಿದ ಮಕ್ಕಳು ದಿನಾ ಕೇಳ್ತಾವೆ, "ಅಜ್ಜಿ, ಬಾಟಲಿ ಎಷ್ಟಾತು?" ಅಂತ. ಕಪ್ಪುಹಲಗೆ ಮೂಲೆಯಾಗೆ ಬರೆದಿಡ್ತಾವೆ. ಇವತ್ತಿಗೆ ಐದು. ಮುಂದಿನ ಲೆಕ್ಕ ಬೇಗ ತಿಳಿಸು.

ಕೊಲ್ಲಾಪುರಮ್ಮ


ಸವಳಂಗ, ನ್ಯಾಮತಿ ತಾಲ್ಲೂಕು
೧೫ ಅಕ್ಟೋಬರ್ ೨೦೨೩

ಅಮ್ಮಾ,

ಹಲಗೆ ಮೇಲೆ ಬರೆಸ್ರಿ: ನೂರ ಎಪ್ಪತ್ತೆರಡು!

ಐದು ಇಪ್ಪತ್ತಾದ್ವು, ಇಪ್ಪತ್ತು ಎಂಬತ್ತಾದ್ವು, ಎಂಬತ್ತು ನೂರ ಎಂಬತ್ತೆರಡಾದ್ವು. ಆಮೇಲೆ ಬೇರು ಬರೋ ಆಹಾರಕ್ಕೆ ಹಾಕಿದೆ, ನಮ್ಮ ಕಳ್ಳಿಗೆ ಬೇರು ಬಿಡಾಕೆ ಯಾರೂ ಹೇಳಿಕೊಡಬೇಕಿಲ್ಲ, ಹತ್ತು ದಿನಕ್ಕೆ ಬಿಳೀ ದಾರದಂಗೆ ಇಳಿದ್ವು. ವಿರೂಪಾಕ್ಷಪ್ಪನವರು ಅದರಾಗೆ ಹತ್ತು ಸಸಿ ಬೆಂಗಳೂರಿಗೆ ಪರೀಕ್ಷೆಗೆ ಕಳಿಸಿದ್ರು. ರಿಪೋರ್ಟ್ ಬಂದ ದಿನ ಎಲ್ಲರನ್ನೂ ಕರೆದು ನಿಲ್ಲಿಸಿ ತಾವೇ ಓದಿದ್ರು. ಹತ್ತಕ್ಕೆ ಹತ್ತೂ ಶುದ್ಧ. ರೋಗ ಇಲ್ಲ.

ಈಗ ಸಸಿಗಳನ್ನ ಇಲ್ಲಿ ಸವಳಂಗದ ನೆರಳುಮನೆಗೆ ತಂದೀವಿ. ಬಾಟಲಿಯಿಂದ ಹೊರಗೆ ಬಂದ ಸಸಿಗೆ ಬಿಸಿಲು ಗೊತ್ತಿಲ್ಲ, ಗಾಳಿ ಗೊತ್ತಿಲ್ಲ. ತೆಂಗಿನ ನಾರಿನ ಪುಡಿಯಾಗೆ ಕೂರಿಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ದಿನಾ ಅಂಗೈ ಅಗಲ ತೆಗೀತಾ ಹೋಗಬೇಕು. ಇಲ್ಲೇ ಒಬ್ರ ಮನ್ಯಾಗೆ ಬಾಡಿಗೆಗೆ ಅದೀನಿ. ಒಂಬತ್ತು ಸಸಿ ಸತ್ವು. ಬರೆಯಾಕೆ ಸಂಕಟ ಆದ್ರೂ ಬರ್ದೀನಿ. ಹಲಗೆ ಮೇಲೆ ನೂರ ಅರವತ್ಮೂರು ಅಂತ ತಿದ್ದಿಸ್ರಿ.

ಯಶೋಧರಾ


ಬಿಳಿಚೋಡು
೨೬ ಫೆಬ್ರವರಿ ೨೦೨೪

ಮಗಳೇ,

ಗಾಡಿ ಬಂತು. ನೂರ ಅರವತ್ಮೂರೂ ಬಂದ್ವು. ಡ್ರೈವರ್ ಹಿಂದಿನ ಬಾಗಿಲು ತೆಗೆದಾಗ ಮಕ್ಕಳೆಲ್ಲಾ ಕ್ಲಾಸಿನಿಂದ ಎದ್ದು ಬಂದುಬಿಟ್ವು. ಗಂಗೋತ್ರಿ ಮೇಡಂ ತಡೀಲಿಲ್ಲ.

ಮನೆಗೆ ಹನ್ನೆರಡರಂಗೆ ಹನ್ನೊಂದು ಮನೆಗೆ ಕೊಟ್ಟೆ. ಉಳಿದ ಮೂವತ್ತೊಂದು ಶಾಲೆಗೆ. ಹತ್ತು ಮನೆಯೋರು ಬಂದು ಇಸ್ಕೊಂಡು ಹೋದ್ರು. ದುರುಗಣ್ಣ ಗೇಟಿನ ಆಚೆ ನಿಂತು, ನೆಲ ನೋಡ್ಕೊಂಡು ಏನೋ ಹೇಳ್ತಿದ್ದ. ಅವನು ತಂದು ನೆಟ್ಟ ಇನ್ನೂರರಾಗೆ ಅರ್ಧ ಬಿಸಿಲಿಗೆ ಬೆಂದು ಹೋಗಿದ್ವು. ಅದು ನನಗೆ ಗೊತ್ತಿತ್ತು.

"ನೆಲಕ್ಕೆ ಹೇಳಿದ್ರೆ ನನಗೆ ಹೆಂಗೆ ಕೇಳಬೇಕು? ಮುಖ ಎತ್ತು" ಅಂದೆ.

ಎತ್ತಿದ. "ಅವತ್ತು ನೀನು ಗಿಡ ಸುಟ್ಟಿದ್ದು ನನ್ನ ಹೊಲಕ್ಕೋಸ್ಕರ ಅಂತ ಯರ್ರಿಸ್ವಾಮಿ ನಿನ್ನೆ ಹೇಳಿದ. ತಪ್ಪಾತು ಅಕ್ಕ" ಅಂದ. ತುಟಿ ನಡುಗ್ತಾ ಇದ್ವು, ಎರಡು ಸಲ ಹೇಳಿಸ್ಕೊಂಡೆ. ನಿಜ ಹೇಳ್ತೀನಿ, ಮೊದಲ ಸಲಾನೇ ತಿಳಿದಿತ್ತು.

ಅವನಿಗೂ ಹನ್ನೆರಡು ಕೊ‌ಟ್ಟೆ. ಮೂವತ್ತೊಂದು ಕಂಬಕ್ಕೆ ಗುಣಿ ತೆಗೆದುಕೊಟ್ಟೋನು ಅವನೇ. ಇವತ್ತು ಅವನ ಮೊಮ್ಮಗಳು ಚೈತ್ರಶ್ರೀ ಬುತ್ತಿ ತರಲಿಲ್ಲ. ಸಾರು ಇನ್ನೊಂದು ಸೌಟು ಹಾಕಿಸ್ಕೊಂಡಳು.

ಕೊಲ್ಲಾಪುರಮ್ಮ


ಬಿಳಿಚೋಡು
೨೯ ಜುಲೈ ೨೦೨೫

ಮಗಳೇ,

ಹೂವು ಬಂದ್ವು ಅಂತ ಬರ್ದಿದ್ದೆ. ಕಚ್ಚುತ್ತಾವೋ ಇಲ್ಲವೋ ಅನ್ನೋ ಭಯ ಇತ್ತು. ಬಾಟಲಿಯಾಗೆ ಹುಟ್ಟಿದ್ದು ತಾಯಿ ಗುಣ ಮರೆತಿದ್ರೆ? ಯಾರೂ ಮುಟ್ಟಲಿಲ್ಲ, ಉಜ್ಜಲಿಲ್ಲ. ಈಗ ಕಾಯಿ ಕೆಂಪಾಗ್ತಾ ಅದಾವೆ. ಏಪ್ರಿಲ್ ಬಿಸಿಲಿಗೆ ಒಂದು ಗಿಡಾನೂ ಬೇಯಲಿಲ್ಲ. ಕಂದು ಚುಕ್ಕೆ ಒಂದೂ ಇಲ್ಲ, ನಾನು ದಿನಾ ಕನ್ನಡಕ ಹಾಕ್ಕೊಂಡು ನೋಡ್ತೀನಿ.

ಹನ್ನೊಂದು ಮನೆಯೋರೂ ಮೊದಲ ಹಣ್ಣು ಮನ್ಯಾಗೆ ತಿನ್ನಂಗಿಲ್ಲ, ಶಾಲೆಗೆ ತರ್ತೀವಿ ಅಂತ ಮಾತಾಡ್ಕೊಂಡಾರೆ. ಆಗಸ್ಟ್ ಹದಿನೈದು, ಧ್ವಜ ಹಾರಿಸಿದ ಮೇಲೆ. ನೀನು ಬರಲೇಬೇಕು. ಮೂರು ವರ್ಷದಾಗೆ ನಿನ್ನ ಮುಖ ನೋಡಿಲ್ಲ.

ಕೊಲ್ಲಾಪುರಮ್ಮ


ಚನ್ನಗಿರಿ
೧೮ ಆಗಸ್ಟ್ ೨೦೨೫

ಅಮ್ಮಾ,

ನೀವು ಬಾಗಿದ ಬೆನ್ನಿನ ಸಣ್ಣ ಅಜ್ಜಿ ಅಂತ ನಾನು ಯಾಕೆ ಅನ್ಕೊಂಡಿದ್ದೆನೋ! ಬಸ್ಸಿಳಿದಾಗ ಬಾಗಿಲಷ್ಟು ಎತ್ತರದ ಹೆಂಗಸು ನನ್ನ ಬ್ಯಾಗ್ ಕಿತ್ಕೊಂಡು, ಇಡೀ ಬಿಳಿಚೋಡಿಗೆ ಕೇಳಂಗೆ "ಇವಳೇ ನೋಡ್ರೋ ನಮ್ಮ ಯಶೋಧರಾ!" ಅಂತ ಕೂಗಿದ್ರೆ ನಾನು ಏನು ಮಾಡಬೇಕು? ನಿಮ್ಮ ಕಾಗದಗಳು ಇಷ್ಟು ಜೋರಾಗಿ ಮಾತಾಡಿರಲಿಲ್ಲ.

ಎಪ್ಪತ್ತೆಂಟು ಹಣ್ಣು. ನಾನು ಎರಡು ಸಲ ಎಣಿಸಿದೆ. ದುರುಗಣ್ಣ ಬುಟ್ಟಿ ತಲೆ ಮೇಲೆ ಹೊತ್ತು ತಂದದ್ದು, ನನ್ನ ಜೊತೆ ಬಂದಿದ್ದ ನಮ್ಮಪ್ಪ ಒಂದು ಹೋಳು ಬಾಯಿಗಿಟ್ಟು ಇನ್ನೊಂದು ಕೇಳಿ ಇಸ್ಕೊಂಡದ್ದು, ಇನ್ನೂರ ನಲವತ್ತು ಮಕ್ಕಳ ನಾಲಿಗೆ ಕೆಂಪಾಗಿ ಒಬ್ಬರಿಗೊಬ್ಬರು ಚಾಚಿ ತೋರಿಸಿದ್ದು, ಬಿಳೀ ಅಂಗಿ ಎಲ್ಲಾ ಕಲೆ ಆಗಿ ತಾಯಂದಿರು ಬೈತಾ ಬೈತಾ ತಾವೂ ತಿಂದದ್ದು. ಕಾರಿನಾಗೆ ಬಂದಿದ್ದ ವಿರೂಪಾಕ್ಷಪ್ಪನವರು ನಮ್ಮನ್ನೂ ಕೂರಿಸ್ಕೊಂಡು ವಾಪಸ್ ಬರೋವಾಗ ಚನ್ನಗಿರಿ ತನಕ ಒಂದೇ ಮಾತು ಆಡಿದ್ರು: "ನಾನು ಆ ಕಾಗದ ಬುಟ್ಟಿಗೆ ಹಾಕಿದ್ದೆನಲ್ಲಮ್ಮ."

ನೀವು ಕೊಯ್ದ ಮೊದಲ ಹೋಳು ನನ್ನ ಕೈಗೆ ಕೊಟ್ರಿ. ಮೂರು ವರ್ಷ ಆ ಗಿಡಾನ ಕಾಳಿನಷ್ಟು ಇದ್ದಾಗಿಂದ ನೋಡೀನಿ, ಅದರ ರುಚಿ ಮಾತ್ರ ಗೊತ್ತಿರಲಿಲ್ಲ. ಅಷ್ಟು ಸಿಹಿ ಇರ್ತೈತೆ ಅಂತ ನೀವು ಬರೆದಾಗ, ತಾಯಿ ತನ್ನ ಮಗೂನ ಹೊಗಳಿದಂಗೆ ಅನ್ಕೊಂಡಿದ್ದೆ. ಕಮ್ಮಿ ಬರೆದಿದ್ರಿ.

ಯಶೋಧರಾ


ಬಿಳಿಚೋಡು
೪ ಸೆಪ್ಟೆಂಬರ್ ೨೦೨೫

ಮಗಳೇ,

ಅಡುಗೆ ಮಾಡಾಕೆ ಬಿಡ್ತಿಲ್ಲ ಜನ. ಹದಿನೈದು ದಿನದಿಂದ ದಿನಾ ಯಾರಾದ್ರೂ ಬಂದು ಅಡುಗೆಮನೆ ಬಾಗಿಲಾಗೆ ನಿಂತಿರ್ತಾರೆ. ಕೆಲವರು ತುಂಡು ಕೊಡು ಅಂತಾರೆ. ತುಂಡು ಯಾರಿಗೂ ಕೊಡಲ್ಲ, ಬೇಕಾದ್ರೆ ಚನ್ನಗಿರಿಯಾಗೆ ಹುಟ್ಟಿದ ಗಿಡಾನೇ ತಗೊಳ್ರಿ ಅಂತ ಹೆಸರು ಬರ್ಕೊಂಡು ಕಳಿಸ್ತೀನಿ. ನಿನ್ನೆ ಆರು ಊರಿನ ಹೆಣ್ಣುಮಕ್ಕಳು ಒಂದು ಟ್ರ್ಯಾಕ್ಟರ್ ಮಾಡ್ಕೊಂಡು ಬಂದಿದ್ರು, ಎಲ್ಲಾ ನನ್ನಂಗೆ ಬಿಸಿಯೂಟ ಮಾಡೋರು. ಪ್ರತಿ ಶಾಲೆ ಹಿಂದೆ ಹತ್ತು ಕಂಬ ಹಾಕಿಸ್ತಾರಂತೆ. ಅವರವರ ಹೆಡ್‌ಮಾಸ್ಟರು ಒಪ್ಪಿಯಾಗೈತೆ.

ಹೆಸರಿನ ಪಟ್ಟಿ ಈ ಕಾಗದದ ಹಿಂದೆ ಐತೆ. ಎರಡು ಸಲ ಕೂಡಿದೆ. ನಾಲ್ಕು ಸಾವಿರದ ಇನ್ನೂರು ಗಿಡ. ಓದಿ ಗಾಬರಿ ಆಗಬ್ಯಾಡ. ಮುಂದಿನ ವರ್ಷದ ಮಳೆ ಹೊತ್ತಿಗೆ ಆಗ್ತೈತಾ? ಸುಮ್ಮನೆ ನನ್ನ ಮನಸ್ಸಿಗೆ ಹಿತ ಆಗಲಿ ಅಂತ ಬರೀಬ್ಯಾಡ.

ಕೊಲ್ಲಾಪುರಮ್ಮ


ಚನ್ನಗಿರಿ
೧೦ ಸೆಪ್ಟೆಂಬರ್ ೨೦೨೫

ಅಮ್ಮಾ,

ಆಗ್ತೈತೆ.

ಇವತ್ತು ಬೆಳಿಗ್ಗೆ ಕಲ್ಚರ್ ರೂಮಿನಾಗೆ ನಾಲ್ಕು ರ‍್ಯಾಕ್ ಖಾಲಿ ಮಾಡಿಸಿದೆ. ಕಳ್ಳಿಗೇ ಅಂತ ಮೂರು ಜನ ಹುಡುಗಿಯರನ್ನ ಹೊಸದಾಗಿ ತಗೊಂಡೀವಿ, ಇಬ್ರು ಹೊನ್ನಾಳಿ ಕಡೆಯೋರು, ಒಬ್ಳು ನ್ಯಾಮತಿಯವಳು. ಮಧ್ಯಾಹ್ನದ ಹೊತ್ತಿಗೆ ಮೂವರ ಕೈಗೂ ಬ್ಲೇಡು ಕೊಟ್ಟು ಭೂತಗನ್ನಡಿ ಮುಂದೆ ಕೂರಿಸಿದೆ. ಒಬ್ಬಳು ಬುಡದಿಂದ ದೊಡ್ಡ ಚೂರು ತೆಗೆಯಾಕೆ ಹೋದಳು. ಬುಡ ಬ್ಯಾಡ, ತುದಿ ಮಾತ್ರ ತಗೋ ಅಂದೆ. ತಗೊಂಡಳು. ಚೆನ್ನಾಗಿ ತಗೊಂಡಳು.

ಯಶೋಧರಾ